ಭೀಮರಾಜನ ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ?

ಯಶೋಧರಾ ಅಂಗಳದಲ್ಲಿ ಕೂತು ರಾಗಿ ಕೇರುತ್ತಿದ್ದಳು. ಹೊಟ್ಟು ಹಾರಿ ಕಾಳು ಮೊರದ ಒಳಕ್ಕೆ ಸರಿಯುವಷ್ಟರಲ್ಲಿ ಗಾಳಿ ತಿರುಗಿ, ಡೀಸೆಲ್ ಹೊಗೆ ನೇರ ಮುಖಕ್ಕೆ ಬಂತು. ಅವಳು ಮೊರ ಎತ್ತಿಕೊಂಡು ಆಚೆ ಬದಿಗೆ ಸರಿದು ಕೂತಳು. ಬೇಲಿಯ ಪಕ್ಕದಲ್ಲಿ ಗಂಡ ಭೀಮರಾಜನ ಹಳದಿ ಬೋರ್ಡಿನ ಕಾರು ಗುರ್ ಎನ್ನುತ್ತ ನಿಂತಿತ್ತು. ಕಾರಿನೊಳಗೆ ಯಾರೂ ಇರಲಿಲ್ಲ. ಭೀಮರಾಜ್ ಜಗಲಿಯ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ. ಇಂಜಿನ್ ಬಿಸಿಯಾಗಲಿ ಎಂದು ದಿನಾ ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಹೀಗೆ ಚಾಲೂ ಮಾಡಿ ಬಿಡುವುದು ಅವನ ಅಭ್ಯಾಸ.

ಅವರದು ಬೇಲೂರು ದಾರಿಯಲ್ಲಿರುವ ಹಗರೆ ಎಂಬ ಊರು. ಭೀಮರಾಜ್ ಅರಸೀಕೆರೆಯಲ್ಲಿ ರೈಲು ಇಳಿಯುವ ಪ್ರವಾಸಿಗರನ್ನು ಹತ್ತಿಸಿಕೊಂಡು, ಹಳೇಬೀಡು ಬೇಲೂರು ತೋರಿಸಿ, ಸಂಜೆಗೆ ವಾಪಸು ಬಿಡುತ್ತಿದ್ದ. ಏಳು ಜನ ಕೂರುವ ಗಾಡಿ, ಬಾಡಿಗೆಗೆ ಕೊರತೆ ಇರಲಿಲ್ಲ. ಆದರೆ ಬಂದದ್ದರಲ್ಲಿ ಅರ್ಧ ಬಂಕಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಪ್ರವಾಸಿಗರೂ ಇರುವುದಿಲ್ಲ. ಈ ಸಲ ಗಾಡಿ ಮಾರಿಬಿಡುವ ಮಾತು ಎದ್ದಿತ್ತು. ಹಳೇಬೀಡಿನ ಶಿವಯ್ಯ ಎಂಬವರು ಕೊಳ್ಳುವುದಕ್ಕೆ ಸಿದ್ಧರಿದ್ದರು. ಮುಂದಿನ ತಿಂಗಳ ಮೊದಲ ಭಾನುವಾರ ಬಂದು ಮಾತು ಮುಗಿಸುತ್ತೇನೆ ಎಂದು ಹೇಳಿ ಹೋಗಿದ್ದರು. ಗಾಡಿ ಕೊಟ್ಟ ಮೇಲೆ ಭೀಮರಾಜ್ ಬೇರೆ ಯಾರದೋ ಗಾಡಿಗೆ ಸಂಬಳದ ಚಾಲಕನಾಗಿ ಹೋಗಬೇಕು.

ಯಶೋಧರೆಗೆ ಇದು ಬೇಡವಾಗಿತ್ತು. ಅದಕ್ಕೆ ಕಾರಣ ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಿದ್ದ ಒಂದು ಪತ್ರ. ಬೇಲೂರಿನ ಒಂದು ಖಾಸಗಿ ಶಾಲೆಗೆ ಹಗರೆ ಕಡೆಯಿಂದ ಆರು ಜನ ಮೇಡಂಗಳು ಹೋಗುತ್ತಿದ್ದರು. ಬೆಳಗಿನ ಬಸ್ಸಿನಲ್ಲಿ ನಿಲ್ಲುವುದಕ್ಕೂ ಜಾಗವಿಲ್ಲದೆ ತಿಂಗಳ ಲೆಕ್ಕದಲ್ಲಿ ಒಂದು ಗಾಡಿ ಗೊತ್ತುಮಾಡಿಕೊಳ್ಳಲು ಹುಡುಕುತ್ತಿದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿ ಶ್ರೀರಂಗಮ್ಮ, ಬಾಡಿಗೆ ಎಷ್ಟೆಂದು ಬರೆದು ಸಹಿ ಹಾಕಿ ಕಳಿಸಿ ಎಂದು ಕೇಳಿ ಎರಡು ತಿಂಗಳಾಗಿತ್ತು. ಮೇಡಂಗಳು ತಾವೇ ಹಂಚಿಕೊಂಡು ಕೊಡುವ ಹಣ, ತಲೆಗೆ ಎರಡೂವರೆ ಸಾವಿರ ದಾಟಿದರೆ ಕಷ್ಟ ಎಂದೂ ತಿಳಿಸಿದ್ದರು. ಯಶೋಧರಾ ಪತ್ರವನ್ನು ಅಂದೇ ಬರೆದಿದ್ದಳು. ಒಂದು ಜಾಗ ಮಾತ್ರ ಖಾಲಿ ಇತ್ತು, ಬಾಡಿಗೆಯ ಮೊತ್ತ. ಅದನ್ನು ತುಂಬಿಸಲು ಭೀಮರಾಜನಿಗೆ ಧೈರ್ಯ ಬರಲಿಲ್ಲ. ಹೆಚ್ಚು ಬರೆದರೆ ಬೇರೆಯವರಿಗೆ ಹೋಗುತ್ತದೆ, ಕಡಿಮೆ ಬರೆದರೆ ಕೈಯಿಂದ ಹೋಗುತ್ತದೆ ಎನ್ನುತ್ತಿದ್ದ. ಶ್ರೀರಂಗಮ್ಮ ಎರಡು ಸಲ ಫೋನ್ ಮಾಡಿದ್ದರು. ಎರಡನೇ ಸಲ, ತಿಂಗಳ ಕೊನೆಗೆ ಆಡಳಿತ ಮಂಡಳಿಯ ಸಭೆ ಇದೆ, ಅದರೊಳಗೆ ಪತ್ರ ಬರದಿದ್ದರೆ ಬೇರೆ ಗಾಡಿ ನೋಡುತ್ತೇವೆ ಎಂದು ಮೆತ್ತಗೇ ಹೇಳಿದ್ದರು.

ಆ ಬೆಳಿಗ್ಗೆ ಹನುಮಯ್ಯ ಬಂದರು. ಅವರು ಯಶೋಧರೆಯ ಸೋದರಮಾವ. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಚಾಲಕರಾಗಿದ್ದು ಅರಸೀಕೆರೆ ಡಿಪೋದಲ್ಲಿ ನಿವೃತ್ತರಾದವರು. ಬಂದವರು ಮೊದಲು ಬೇಲಿಯ ಹತ್ತಿರ ನಿಂತು ಖಾಲಿ ಗಾಡಿಯೊಳಗೆ ಇಣುಕಿ ನೋಡಿದರು.

"ಯಾರ್ನ ಕಾಯ್ತಾ ಐತ್ಲಾ ಇದು?"

"ಬಿಸಿ ಆಗ್ಲಿ ಅಂತ, ಮಾವ."

"ಬಿಸಿ ಆಗೋದು ನಿನ್ನ ಕಾಫಿಗೆ ಸರಿ. ಈಗಿನ ಗಾಡಿಗೆ ಅರ್ಧ ನಿಮಿಷ ಸಾಕು ಕಣಪ್ಪ. ಆಮೇಲೆ ಮೊದಲ ಒಂದೆರಡು ಮೈಲಿ ನಿಧಾನಕ್ಕೆ ಹೋದ್ರೆ ಹೋಗ್ತಾ ಹೋಗ್ತಾ ತಾನೇ ಬಿಸಿ ಆಯ್ತದೆ."

ಭೀಮರಾಜ್ ಎದ್ದು ಹೋಗಿ ಕೀ ತಿರುಗಿಸಿ ನಿಲ್ಲಿಸಿದ. ನಿಲ್ಲಿಸಿದ್ದು ಮರ್ಯಾದೆಗೆ, ಒಪ್ಪಿಕೊಂಡು ಅಲ್ಲ. ಯಶೋಧರಾ ಒಳಗಿಂದ ಇನ್ನೊಂದು ಲೋಟ ಕಾಫಿ ತಂದುಕೊಟ್ಟು, ಗಾಡಿ ಮಾರುವ ವಿಷಯ, ಪತ್ರದ ವಿಷಯ ಎರಡನ್ನೂ ಮಾವನ ಮುಂದೆ ಇಟ್ಟಳು. ಹನುಮಯ್ಯ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಿನ್ನ ಗಾಡಿ ಲೀಟರಿಗೆ ಎಷ್ಟು ಕೊಡ್ತದೆ?"

ಭೀಮರಾಜ್ ತಲೆ ಕೆರೆದುಕೊಂಡ. ಹದಿನೈದು ಇರಬಹುದು ಅಂದ. ಆಮೇಲೆ ಹದಿಮೂರು ಅಂದ. ನಿಜ ಏನೆಂದರೆ ಅವನಿಗೆ ಗೊತ್ತಿರಲಿಲ್ಲ. ಅವನು ಎಂದೂ ಟ್ಯಾಂಕ್ ತುಂಬಿಸಿದವನಲ್ಲ. ಬಂಕಿಗೆ ಹೋದಾಗಲೆಲ್ಲ ಐನೂರಕ್ಕೆ ಹಾಕಿ, ಸಾವಿರಕ್ಕೆ ಹಾಕಿ ಎನ್ನುವುದೇ ರೂಢಿ. ಆರು ವರ್ಷದಿಂದ ಬಾಡಿಗೆ ಹೊಡೆಯುತ್ತಿದ್ದ ಮನುಷ್ಯನಿಗೆ ತನ್ನ ಗಾಡಿ ಎಷ್ಟು ಕುಡಿಯುತ್ತದೆ ಎನ್ನುವುದು ತಿಳಿಯದೆ, ಬಾಡಿಗೆಯ ಜಾಗ ಖಾಲಿ ಉಳಿದಿತ್ತು.

ಹನುಮಯ್ಯ ಡಿಪೋದ ಮಾತು ಹೇಳಿದರು. ಅಲ್ಲಿ ಗೋಡೆಗೆ ಒಂದು ಹಲಗೆ ಇತ್ತು. ಯಾವ ಚಾಲಕ ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿಸಿದ ಎಂದು ಅದರ ಮೇಲೆ ಬರೆಯುತ್ತಿದ್ದರು. ಅದೇ ಬಸ್ಸು, ಅದೇ ರಸ್ತೆ, ಆದರೂ ಒಬ್ಬನಿಗೂ ಇನ್ನೊಬ್ಬನಿಗೂ ವ್ಯತ್ಯಾಸ ಬರುತ್ತಿತ್ತು. ಹೆಸರು ಕೆಳಗೆ ಇಳಿದ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರ ಜೊತೆ ಕೂರಲು ನಾಚಿಕೆಯಾಗುತ್ತಿತ್ತು ಎಂದರು.

"ಬಸ್ಸು ಬೇರೆ, ಕಾರು ಬೇರೆ ಮಾವ," ಎಂದ ಭೀಮರಾಜ್. "ನಂದು ಹಳೇ ಗಾಡಿ. ಒಳ್ಳೇ ಮೈಲೇಜ್ ಕೊಡೋ ಹೊಸದು ತಗೊಂಡ್ರೆ ಮಾತ್ರ ಏನಾದ್ರೂ ಉಳಿಯೋದು."

"ತಗೋ. ಬೇಡ ಅಂದೋರು ಯಾರು? ತಗೊಳ್ಳೋವಾಗ ಮೈಲೇಜ್ ನೋಡೇ ತಗೋಬೇಕು. ಆದ್ರೆ ಹೊಸ ಗಾಡಿ ಮೇಲೂ ಇದೇ ಕಾಲು ತಾನೇ ಕೂರೋದು?"

ಕೊನೆಗೆ ಯಶೋಧರಾ ಒಂದು ದಾರಿ ಹೇಳಿದಳು. ಶಿವಯ್ಯ ಬರುವ ಭಾನುವಾರಕ್ಕೆ ಎರಡು ವಾರಕ್ಕೂ ಹೆಚ್ಚು ಸಮಯವಿದೆ. ಮೊದಲ ವಾರ ಗಂಡ ತನ್ನಿಷ್ಟದಂತೆ ಓಡಿಸಲಿ, ಎರಡನೇ ವಾರ ಮಾವ ಹೇಳಿದಂತೆ ಓಡಿಸಲಿ. ಎರಡೂ ವಾರ ಮೊದಲು ಟ್ಯಾಂಕ್ ತುಂಬಿಸಿ, ಮೀಟರ್ ಬರೆದುಕೊಂಡು, ವಾರ ಕಳೆದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸುವುದು. ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಕುಡಿದದ್ದು. ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ಆಯಿತು. ಬರೆಯುವ ಕೆಲಸ ತನ್ನದು ಎಂದಳು. ಭೀಮರಾಜ್ ನಕ್ಕು, ಇದೇನು ಪರೀಕ್ಷೆಯೇನೇ ಎಂದ. ಆದರೂ ಒಪ್ಪಿದ.

ಮೊದಲ ವಾರ ಐನೂರ ಇಪ್ಪತ್ತೆಂಟು ಕಿಲೋಮೀಟರ್ ಓಡಿತು. ನಲವತ್ತೆಂಟು ಲೀಟರ್ ಹಿಡಿಯಿತು. ಲೀಟರಿಗೆ ಹನ್ನೊಂದು. ಭೀಮರಾಜ್ ಎರಡು ಸಲ ಭಾಗಿಸಿ ನೋಡಿದ. ಬಂಕಿನವರೇ ಕಡಿಮೆ ಹಾಕಿರಬೇಕು ಎಂದು ಗೊಣಗಿದ. ಅಲ್ಲಿ ಅಳತೆಪಾತ್ರೆ ಇರುತ್ತದೆ, ಅನುಮಾನವಿದ್ದರೆ ಐದು ಲೀಟರ್ ಹಿಡಿಸಿ ನೋಡಿ ಎಂದಳು ಯಶೋಧರಾ. ಅವನು ಹಿಡಿಸಿಯೂ ನೋಡಿದ. ಅಳತೆ ಸರಿಯಾಗಿತ್ತು.

ಮಾರನೇ ದಿನ ಹನುಮಯ್ಯ ಮುಂದಿನ ಸೀಟಿನಲ್ಲಿ ಕೂತರು. ಯಶೋಧರಾ ಹಿಂದೆ ಕೂತಳು. ಹಳೇಬೀಡಿನವರೆಗೆ ಹೋಗಿ ಬರುವುದೆಂದು ಮಾತಾಗಿತ್ತು. ಗಾಡಿ ಹತ್ತುವ ಮುಂಚೆ ಹನುಮಯ್ಯ ಟೈರಿಗೆ ಕಾಲಿನಿಂದ ಒದ್ದು ನೋಡಿ, ಗಾಳಿ ಯಾಕೆ ಇಷ್ಟು ಕಡಿಮೆ ಎಂದು ಕೇಳಿದರು. ಭೀಮರಾಜ್ ಸ್ವಲ್ಪ ಹೆಮ್ಮೆಯಿಂದಲೇ ಉತ್ತರ ಕೊಟ್ಟ. ಯಾತ್ರೆಗೆ ಬರುವ ವಯಸ್ಸಾದವರಿಗೆ ಗುಂಡಿಯ ಏಟು ತಾಗಬಾರದೆಂದು ತಾನೇ ಹತ್ತು ಪಾಯಿಂಟ್ ಗಾಳಿ ಬಿಟ್ಟಿದ್ದೇನೆ, ಒಬ್ಬ ಅಜ್ಜಿ ದೋಣಿಯಲ್ಲಿ ಹೋದಂಗಿತ್ತು ಎಂದು ಹೊಗಳಿದ್ದರು ಎಂದ. ಹನುಮಯ್ಯ ಚಾಲಕನ ಬಾಗಿಲು ತೆಗೆಸಿ, ಅಂಚಿನಲ್ಲಿ ಅಂಟಿಸಿದ್ದ ಚೀಟಿಯನ್ನು ಯಶೋಧರೆಯ ಕೈಯಲ್ಲಿ ಓದಿಸಿದರು. ಎಷ್ಟು ಗಾಳಿ ಇರಬೇಕೆಂದು ಅದರಲ್ಲೇ ಇತ್ತು. ಗಾಳಿ ಕಡಿಮೆಯಾದರೆ ಟೈರು ರಸ್ತೆಗೆ ಅಂಟಿಕೊಂಡು ಉರುಳುತ್ತದೆ, ಇಂಜಿನ್ ಎಳೆದು ಎಳೆದು ಹೆಚ್ಚು ಡೀಸೆಲ್ ಎಣ್ಣೆ ಕುಡಿಯುತ್ತದೆ, ಟೈರಿನ ಅಂಚೂ ಸವೆಯುತ್ತದೆ ಎಂದರು. ಮೇಲಿನ ಕ್ಯಾರಿಯರ್ ಯಾಕೆ ಎಂದರೆ, ಅಪರೂಪಕ್ಕೆ ಸೂಟ್‌ಕೇಸು ಇಡಲು. ಅದನ್ನೂ ಬಿಚ್ಚಿಸಿದರು. ಗಾಳಿಯನ್ನು ತಳ್ಳಿಕೊಂಡು ಓಡುವ ಗಾಡಿಗೆ ಅದೊಂದು ಗೋಡೆ ಇದ್ದಂತೆ.

ಮೊದಲು ಬಂಕಿನಲ್ಲಿ ಚೀಟಿಯಲ್ಲಿದ್ದಷ್ಟು ಗಾಳಿ ತುಂಬಿಸಿಕೊಂಡು ಹೊರಟರು. ಡ್ಯಾಶ್‌ಬೋರ್ಡಿನ ಮೇಲೆ ಬುದ್ಧನ ಪುಟ್ಟ ಬೊಂಬೆ ಇತ್ತು. ಭೀಮರಾಜ್ ಬ್ರೇಕ್ ಹಾಕಿದಾಗಲೆಲ್ಲ ಅದು ಮುಂದಕ್ಕೆ ಬೀಳುತ್ತಿತ್ತು, ಹನುಮಯ್ಯ ಎತ್ತಿ ಕೂರಿಸುತ್ತಿದ್ದರು. ಐದನೇ ಸಲ ಎತ್ತಿ ಕೂರಿಸಿದ ಮೇಲೆ ಬಾಯಿ ಬಿಟ್ಟರು.

"ಆ ಹಂಪು ನೆನ್ನೇನೂ ಅಲ್ಲೇ ಇತ್ತು, ಮೊನ್ನೇನೂ ಅಲ್ಲೇ ಇತ್ತು. ಅದ್ನ ಹಿಡಿಯೋಕೆ ಯಾಕ್ಲಾ ಹಂಗೆ ಓಡ್ತೀಯ? ಎಣ್ಣೆ ಸುಟ್ಟು ವೇಗ ತಂದ್ಕೊಂಡೆ, ಬ್ರೇಕ್ ತುಳಿದು ಆ ವೇಗ ಎಲ್ಲ ರಸ್ತೆಗೆ ಚೆಲ್ಲಿದೆ. ದೂರದಿಂದಲೇ ಕಾಲು ಎತ್ತು. ಗಾಡಿ ತಾನೇ ನಿಧಾನ ಆಯ್ತದೆ."

ಎಂಬತ್ತು ತೊಂಬತ್ತರ ಓಟವನ್ನು ಐವತ್ತೈದು ಅರವತ್ತಕ್ಕೆ ಇಳಿಸಲು ಹೇಳಿದರು. ಇಂಜಿನ್ ಒರಲುವ ಮುಂಚೆಯೇ ಮೇಲಿನ ಗೇರಿಗೆ ಹಾಕಬೇಕು, ಏರಿನಲ್ಲಿ ಏದುಸಿರು ಬಿಡುವ ತನಕ ಕಾಯದೆ ಕೆಳಗಿನ ಗೇರಿಗೆ ಇಳಿಸಬೇಕು ಎಂದರು. ಹಂಪು ಗುಂಡಿ ಎಲ್ಲ ಬಂದವು, ಬೊಂಬೆ ಮಾತ್ರ ಬೀಳುವುದು ಕಡಿಮೆಯಾಯಿತು. ತನ್ನ ಗಾಡಿಯಲ್ಲಿ ವಾಂತಿ ಮಾಡಿಕೊಳ್ಳುವವರು ಯಾಕೆ ಅಷ್ಟು ಜನ ಎಂದು ಭೀಮರಾಜನಿಗೆ ಆಗ ಹೊಳೆಯಿತು. ಅವನು ಇಷ್ಟು ದಿನ ರಸ್ತೆಯ ತಿರುವುಗಳನ್ನು ಬೈಯುತ್ತಿದ್ದ.

ಒಂದು ಇಳಿಜಾರು ಬಂತು. ಭೀಮರಾಜ್ ಅಭ್ಯಾಸಬಲದಿಂದ ನ್ಯೂಟ್ರಲ್ಲಿಗೆ ಹಾಕಿ, ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದ. ಇದಾದರೂ ಎಣ್ಣೆ ಉಳಿಸುವ ಕೆಲಸ ಎಂದು ಅವನ ಲೆಕ್ಕ. ಹನುಮಯ್ಯ ತಕ್ಷಣ ಇಂಜಿನ್ ಶುರು ಮಾಡಿಸಿ, ಗೇರಿಗೆ ಹಾಕಿಸಿ, ಗಾಡಿಯನ್ನು ಬದಿಗೆ ಹಾಕಿಸಿದರು.

"ಇಂಜಿನ್ ಆಫ್ ಆದ್ರೆ ಬ್ರೇಕ್ ಕಲ್ಲಾಗ್ತದೆ. ಸ್ಟೇರಿಂಗ್ ಬಿಗಿ ಆಗ್ತದೆ. ನಿಂಗೆ ಯಾವತ್ತೂ ಆಗಿಲ್ವಾ?"

ಭೀಮರಾಜ್ ಸ್ಟೇರಿಂಗಿನಿಂದ ಕೈ ತೆಗೆದ. ಆಗಿದೆ ಎಂದ. ಹಿಂದಿನ ವರ್ಷ ಇದೇ ಇಳಿಜಾರಿನಲ್ಲಿ ಎಮ್ಮೆಗಳು ಅಡ್ಡ ಬಂದಾಗ ಎಷ್ಟು ತುಳಿದರೂ ಬ್ರೇಕ್ ಹಿಡಿಯದೆ, ಗಾಡಿ ಹೊಲದ ಬದುವಿಗೆ ನುಗ್ಗಿತ್ತು. ಒಳಗೆ ನಾಲ್ಕು ಜನ ಇದ್ದರು, ಯಾರಿಗೂ ಏನೂ ಆಗಲಿಲ್ಲ. ಬಂಪರ್ ಒಡೆದದ್ದಕ್ಕೆ, ಗಾಡಿ ತಿರುಗಿಸುವಾಗ ಕಲ್ಲುಕಂಬಕ್ಕೆ ತಾಗಿತು ಎಂದು ಅವನು ಮನೆಯಲ್ಲಿ ಹೇಳಿದ್ದ.

ಯಶೋಧರಾ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಅವಳ ದನಿ ಏರಲಿಲ್ಲ.

"ಆರು ಜನ ಮೇಡಂಗಳು ಕೂರೋ ಗಾಡಿ ಕಣ್ರೀ. ನೀವು ಇದನ್ನ ಬಿಡ್ತೀನಿ ಅಂದ್ರೆ ಮಾತ್ರ ಆ ಪತ್ರಕ್ಕೆ ನಾನು ಕೈ ಹಾಕೋದು. ಇಲ್ಲ ಅಂದ್ರೆ ಶಿವಯ್ಯನೋರು ಬರ್ಲಿ, ಕೊಟ್ಬಿಡೋಣ."

"ಬಿಟ್ಟೆ," ಎಂದ ಭೀಮರಾಜ್.

ಉಳಿತಾಯ ಎಂದರೂ ಅದರಲ್ಲಿ ಹುರುಳಿಲ್ಲ ಎಂದು ಹನುಮಯ್ಯ ವಿವರಿಸಿದರು. ಈಗಿನ ಇಂಜಿನ್‌ಗಳು ಗೇರಿನಲ್ಲಿದ್ದು ಕಾಲು ಎತ್ತಿದಾಗ ಇಳಿಜಾರಿನಲ್ಲಿ ಎಣ್ಣೆಯನ್ನು ತಾವೇ ನಿಲ್ಲಿಸಿಕೊಳ್ಳುತ್ತವೆ. ನಿಲ್ಲಿಸಬೇಕಾದ ಇಂಜಿನ್ ಬೇರೆ ಇದೆ, ಗುಡಿಯ ಮುಂದೆ ನಿಂತದ್ದು ಎಂದರು.

ಅದು ಭೀಮರಾಜನಿಗೆ ಬಲು ಕಷ್ಟದ ಮಾತು. ಪ್ರವಾಸಿಗರು ಹಳೇಬೀಡಿನಲ್ಲಿ ಒಂದು ಗಂಟೆ, ಬೇಲೂರಿನಲ್ಲಿ ಒಂದು ಗಂಟೆ ಗುಡಿ ನೋಡುತ್ತಾರೆ. ಅಷ್ಟು ಹೊತ್ತೂ ಅವನು ಎ.ಸಿ. ಹಾಕಿಕೊಂಡು ಗಾಡಿಯಲ್ಲಿ ಕೂತಿರುತ್ತಿದ್ದ. ಹಾಗೆ ನಿಂತಲ್ಲೇ ಗಂಟೆಗೆ ಒಂದು ಲೀಟರಿನ ಆಸುಪಾಸು ಖರ್ಚಾಗುತ್ತದೆ. ಆದರೆ ಬಿಸಿಲಿನಿಂದ ಬಂದವರಿಗೆ ಗಾಡಿ ತಣ್ಣಗಿರದಿದ್ದರೆ ಸಿಡುಕುತ್ತಾರೆ ಎಂಬ ಹೆದರಿಕೆ ಅವನಿಗೆ. ಇದಕ್ಕೆ ಉಪಾಯ ಹೊಳೆದದ್ದು ಯಶೋಧರೆಗೆ. ನೆರಳಿನಲ್ಲಿ ನಿಲ್ಲಿಸಿ, ಜನ ಚಪ್ಪಲಿ ಬಿಟ್ಟ ಜಾಗಕ್ಕೆ ವಾಪಸು ಬರುವುದು ಕಂಡಾಗ ನಾಲ್ಕು ಬಾಗಿಲೂ ತೆಗೆದು ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ ಎ.ಸಿ. ಹಾಕಿ, ಅವರು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ ಎಂದಳು.

ಎರಡನೇ ವಾರ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಗುರುವಾರ ಬಂದ ಒಬ್ಬರು, ಸೀಟು ಬಾಣಲೆ ಆಗಿದೆ ಎಂದು ರೇಗಿ, ಕೊಡಬೇಕೆಂದಿದ್ದ ಭಕ್ಷೀಸು ಕೊಡದೆ ಹೋದರು. ಅಂದು ಅರಸೀಕೆರೆಯಲ್ಲಿ ರೈಲಿನ ಹೊತ್ತು ಮೀರುತ್ತದೆ ಎಂದು ಭೀಮರಾಜ್ ಮತ್ತೆ ತೊಂಬತ್ತಕ್ಕೆ ಓಡಿಸಿದ. ಮನೆಗೆ ಬಂದು ಅದನ್ನು ತಾನೇ ಹೇಳಿದ. ಯಶೋಧರಾ ಅದನ್ನೂ ಬರೆದುಕೊಂಡಳು. ಮಾರನೇ ದಿನದಿಂದ ಹತ್ತು ನಿಮಿಷ ಮುಂಚೆ ಹೊರಡುವುದನ್ನು ಅವನು ಕಲಿತ.

ವಾರ ಮುಗಿದ ದಿನ ಬಂಕಿಗೆ ಮೂವರೂ ಹೋದರು. ಓಡಿದ್ದು ಐನೂರ ನಲವತ್ತಾರು ಕಿಲೋಮೀಟರ್. ಹಿಡಿದದ್ದು ಮೂವತ್ತೊಂಬತ್ತು ಲೀಟರ್. ಲೀಟರಿಗೆ ಹದಿನಾಲ್ಕು. ಅಂದರೆ ಹಳೆಯ ರೀತಿಯಲ್ಲಿ ಓಡಿಸಿದ್ದರೆ ಬೇಕಾಗುತ್ತಿದ್ದದ್ದಕ್ಕಿಂತ ಹತ್ತು ಲೀಟರ್ ಕಡಿಮೆ, ವಾರಕ್ಕೆ ಸುಮಾರು ಸಾವಿರ ರೂಪಾಯಿ. ಹೊಸದಾಗಿ ಏನನ್ನೂ ಕೊಂಡಿರಲಿಲ್ಲ.

ಭೀಮರಾಜ್ ಯಶೋಧರಾ ಲೆಕ್ಕ ಬರೆದ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದ. ಆಮೇಲೆ ಮಾವನ ಕಡೆ ತಿರುಗಿ, "ನಿಮ್ಮ ಡಿಪೋ ಹಲಗೆ ಮೇಲೆ ಇದು ಎಲ್ಲಿ ಬತ್ತಿತ್ತು, ಮಾವ?" ಎಂದು ಕೇಳಿದ.

"ಮಧ್ಯದಲ್ಲಿ. ಊಟಕ್ಕೆ ಕೂರ್ಬೋದು," ಎಂದರು ಹನುಮಯ್ಯ.

ಮನೆಗೆ ಬಂದವನೇ ಅವನು ಶಿವಯ್ಯನವರಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದ. ಯಶೋಧರಾ ಕನ್ನಡಿಯ ಹಿಂದಿನ ಪತ್ರವನ್ನು ತೆಗೆದು ಧೂಳು ಕೊಡವಿದಳು. ಇಬ್ಬರೂ ಕೂತು ಡೀಸೆಲ್ಲಿಗೆ ಎಷ್ಟು, ಟೈರು ವಿಮೆಗೆ ಎಷ್ಟು, ಮನೆಗೆ ಎಷ್ಟು ಎಂದು ಕೂಡಿದರು. ಖಾಲಿ ಜಾಗದಲ್ಲಿ ಹದಿನೈದು ಸಾವಿರ ಎಂದು ಬರೆದರು, ತಲೆಗೆ ಎರಡೂವರೆ ಸಾವಿರ. ಭೀಮರಾಜ್ ಸಹಿ ಹಾಕಿದ. ಸಭೆಗೆ ಇನ್ನೂ ಮೂರು ದಿನ ಇತ್ತು. ಇಬ್ಬರೂ ನಡೆದುಕೊಂಡೇ ಅಂಚೆ ಕಚೇರಿಯ ಕಡೆಗೆ ಹೊರಟರು. ನಾಲ್ಕು ಹೆಜ್ಜೆಯ ದಾರಿಗೆ ಗಾಡಿ ತೆಗೆಯಬಾರದು ಎನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅವರು ಅಲ್ಲಿಗೆ ತಲುಪುವಷ್ಟರಲ್ಲಿ, ಓದುತ್ತಿರುವ, ಕೇಳುತ್ತಿರುವ ನಿಮಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಕಾರು ಇರಬಹುದು, ಆಟೋ ಇರಬಹುದು, ಬೈಕ್ ಇರಬಹುದು. ಅದು ಲೀಟರಿಗೆ ಎಷ್ಟು ಕೊಡುತ್ತದೆ ಎಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಈ ವಾರವೇ ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸಿ. ನಿಂತ ಗಾಡಿಯ ಇಂಜಿನ್ ನಿಲ್ಲಿಸಿ, ಓಡುವ ಗಾಡಿಯ ಇಂಜಿನ್ ಎಂದೂ ನಿಲ್ಲಿಸಬೇಡಿ. ನಾಳೆ ಹೊಸ ಗಾಡಿ ಕೊಳ್ಳುವವರು ಬಣ್ಣ ನೋಡುವ ಮುಂಚೆ, ಅದೇ ಗಾಡಿ ಓಡಿಸುತ್ತಿರುವ ಒಬ್ಬರನ್ನು ಹುಡುಕಿ ಮೈಲೇಜ್ ಕೇಳಿ. ಓಡಿಸುವವರು ಗಂಡಸರಾದರೆ ಬರೆದುಕೊಳ್ಳುವ ಕೆಲಸ ಮನೆಯ ಹೆಂಗಸರು ಮಾಡಿ, ಹೆಂಗಸರು ಓಡಿಸಿದರೆ ಗಂಡಸರು ಬರೆದುಕೊಳ್ಳಲಿ. ಒಬ್ಬರ ಕಾಲು, ಇನ್ನೊಬ್ಬರ ಕಣ್ಣು ಎರಡೂ ಸೇರಿದರೆ ಉಳಿತಾಯವಾಗುತ್ತದೆ.

ಅಂಚೆ ಕಚೇರಿಯಲ್ಲಿ ಕೂತಿದ್ದವರು ಲಕೋಟೆ ತೂಗಿ, ವಿಳಾಸವನ್ನು ಗಟ್ಟಿಯಾಗಿ ಓದಿ, ಸ್ಪೀಡ್ ಪೋಸ್ಟೇ ಎಂದು ಕೇಳಿದರು. ಹೌದು ಎಂದಳು ಯಶೋಧರಾ. ಅವರು ಮೊಹರು ಒತ್ತಿ, ಲಕೋಟೆಯನ್ನು ಬೇಲೂರಿಗೆ ಹೋಗುವ ಚೀಲದೊಳಗೆ ಹಾಕಿದರು.