ಬಂಗುಡೆಯ ವೇದಾಂತ

ಒಂದು ಬಂಗುಡೆ ಮೀನಿನ ಬದುಕಿನ ಮೇಲೆ ಗಂಟೆಯುದ್ದದ ಹಾಡು ಕಟ್ಟಬೇಕೆಂದು ಉಪ್ಪುಂದದ ರತೀಶನಿಗೆ ಯಾಕೆ ಅನಿಸಿತೋ ದೇವರೇ ಬಲ್ಲ. ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಯಾರೋ ಒಂದು ಪ್ರೊಗ್ರೆಸಿವ್ ರಾಕ್ ಕ್ಯಾಸೆಟ್ ಕೊಟ್ಟಿದ್ದರು. ಇಡೀ ಕ್ಯಾಸೆಟ್ಟಿಗೆ ಒಂದೇ ಕಥೆ. ಒಂದೊಂದು ಹಾಡೂ ಊಟ ಮಾಡಿ ಕೈತೊಳೆದರೂ ಮುಗಿಯದಷ್ಟು ಉದ್ದ. ಅಲ್ಲಿಗೆ ಆಸಾಮಿ ಕೆಟ್ಟ. ಊರಿಗೆ ಮರಳಿ ಗಿಟಾರ್ ಹಿಡಿದು ಕೂತವನು, 2004ರ ಹೊತ್ತಿಗೆ ಮೊಟ್ಟೆಯಿಂದ ಬಾಣಲೆಯವರೆಗಿನ ಬಂಗುಡೆಯ ಕಥೆಯನ್ನು ಏಳು ಭಾಗಗಳಲ್ಲಿ ಕಟ್ಟಿ ಮುಗಿಸಿದ. ಅದನ್ನು ಒಂದಕ್ಷರ ಬಿಡದೆ ಊರವರ ಮುಂದೆ ಹಾಡಬೇಕು, ಅವನಿಗಿದ್ದ ಆಸೆ ಅದೊಂದೇ.

ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಅವಕಾಶವೇನೋ ಸಿಕ್ಕಿತು. ಆದರೆ ಯಕ್ಷಗಾನದ ಹುಚ್ಚಿನ ಅಧ್ಯಕ್ಷ ಲೀಲಾಧರಣ್ಣ ಅವನಿಗೆ ಕೊಟ್ಟದ್ದು ನಾಟಕಕ್ಕೆ ಮೊದಲಿನ ಇಪ್ಪತ್ತೇ ನಿಮಿಷ.

“ಬೆಳ್ಗಿನ್ ವರಿಗೂ ಯಕ್ಷಗಾನದ್ ಆಟ ಕಾಣ್ತ್ರಿ. ನನ್ ಹಾಡ್ ಒಂದ್ ಗಂಟಿ ಕೇಂಬುಕ್ ಆತಿಲ್ಯಾ?” ಎಂದ ರತೀಶ.

“ಆಟದೊಳ್ಗೆ ನಡುವೆ ನಿದ್ರಿ ಮಾಡ್ಲಕ್ ಮಾರಾಯ. ನಿನ್ ಗಲಾಟಿಯೊಳ್ಗೆ ಯಾರಿಗ್ ನಿದ್ರಿ ಬತ್ತ್?”

ರತೀಶ ತಲೆಯಾಡಿಸಿದನೇ ಹೊರತು ಒಂದು ಸಾಲನ್ನೂ ಕತ್ತರಿಸಲಿಲ್ಲ.

ವೇದಿಕೆಯಲ್ಲಿ ಮೊದಲ ಭಾಗಕ್ಕೆ ಬಂಗುಡೆ ಹುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಎರಡನೆಯದರಲ್ಲಿ ಅದು ‘ನಾನು ಯಾರು’ ಎಂದು ಕೇಳಿಕೊಂಡಿತು. ಉತ್ತರವಾಗಿ ರತೀಶ ಹಾಡು ನಿಲ್ಲಿಸಿ, ಕಣ್ಣು ಮುಚ್ಚಿ ಬರೀ ಗಿಟಾರಿನ ಸೋಲೋ ಶುರುಮಾಡಿದ. ಅದು ಮುಗಿಯಲೇ ಇಲ್ಲ. ಬಂಗುಡೆಗೆ ಇಷ್ಟೊಂದು ವೇದಾಂತ ಇದೆಯೆಂದು ಊರಲ್ಲಿ ಯಾರೂ ಊಹಿಸಿರಲಿಲ್ಲ. ಅರ್ಧ ಜನ ಎದ್ದು ಚುರುಮುರಿ ಗಾಡಿಯತ್ತ ನಡೆದರು. ಲೀಲಾಧರಣ್ಣ ಮೈಕಿನ ವಯರ್ ಕೀಳಲು ವೇದಿಕೆ ಹತ್ತಿದರು.

ಅಷ್ಟರಲ್ಲಿ ಮೂರನೆಯ ಭಾಗ ಬಂತು. ಬಂಗುಡೆ ಈಗ ಕೈರಂಪಣಿಯಲ್ಲಿ, ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆಯಲ್ಲಿ, ಸಿಕ್ಕಿಬಿದ್ದಿತ್ತು. ರತೀಶನ ಜೊತೆ ಡ್ರಮ್ ಬಾರಿಸುತ್ತಿದ್ದ ಗೆಳೆಯ ಬಚ್ಚ, ಬಲೆ ಎಳೆಯುವವರ ಹಾಗೆ “ಐಸಾ!” ಎಂದು ಕೂಗಿದ. ಸಭೆಯೂ “ಐಸಾ!” ಎಂದಿತು. ನಾಲ್ಕು ಸಲ ಕೂಗಿ ತಾಳ ಬದಲಿಸುವುದೆಂದು ರತೀಶನ ಲೆಕ್ಕ. ಅವನು ಬದಲಿಸಿದ, ಸಭೆ ಬದಲಿಸಲಿಲ್ಲ. ಆ ಕೂಗು ಒಮ್ಮೆ ಎದ್ದರೆ ಬಲೆ ದಡ ಮುಟ್ಟುವ ತನಕ ನಿಲ್ಲಿಸಿ ಗೊತ್ತಿಲ್ಲದ ಜನ ಅವರು. ಚುರುಮುರಿಗೆ ಹೋದವರೂ ಪೊಟ್ಟಣ ಹಿಡಿದುಕೊಂಡೇ ಓಡಿಬಂದರು. ಲೀಲಾಧರಣ್ಣನಂತೂ ಕೈಯಲ್ಲಿದ್ದ ವಯರನ್ನೇ ಹಗ್ಗ ಮಾಡಿಕೊಂಡು ಎಳೆಯತೊಡಗಿದರು.

“ಬಲೆ ದಡಕ್ಕ್ ಬರ್ಲಿ ಮಾರಾಯ, ಬಾರ್ಸ್!” ಎಂದು ಬಚ್ಚ ಅರಚಿದ. ರತೀಶ ತನ್ನ ಕಷ್ಟದ ತಾಳ ಬಿಟ್ಟು ಅವರ ಜೊತೆ ಸೇರಿದ. ಬಲೆ ಬಂತು. ಸಭೆ ಹೋ ಎಂದು ಕುಣಿಯಿತು. ಅಷ್ಟಕ್ಕೇ ರತೀಶನ ಸಮಯ ಮುಗಿದು ಪರದೆ ಬಿತ್ತು, ನಾಟಕ ಶುರುವಾಯಿತು.

ವೇದಿಕೆಯ ಹಿಂದೆ ರತೀಶ ಮುಖ ಊದಿಸಿಕೊಂಡು ಕೂತ. ಚಪ್ಪಾಳೆ ಬೇಕಾದಷ್ಟು ಸಿಕ್ಕಿತ್ತು, ಆದರೆ ನಾಲ್ಕು ಭಾಗ ಯಾರ ಕಿವಿಗೂ ಬೀಳದೆ ಉಳಿದಿದ್ದವು. ಅವನಿಗೆ ಅಳುವೇ ಬರುವಂತಾಗಿತ್ತು.

“ಹ್ವಾಯ್ ರತೀಶ!” ಮೀನು ಮಾರುವ ಸೀತಕ್ಕ ಐದಾರು ಹೆಂಗಸರನ್ನು ಕಟ್ಟಿಕೊಂಡು ಒಳಗೆ ಬಂದಳು. “ಬಲೆ ಬಂತ್ ಸೈ. ಒಳ್ಗಿದ್ ಬಂಗುಡಿ ಎಂತ ಆಯ್ತ್?”

“ಕಥಿ ಇನ್ನೂ ಅರ್ಧ ಇತ್ತ್ ಸೀತಕ್ಕ. ತುಂಬ ಹೊತ್ತಾತ್ತ್.”

“ಆಯ್ಲಿ. ನಾಟ್ಕ ವರ್ಷವೂ ಅದೇ. ನೀ ಹೇಳ್,” ಎಂದವಳೇ ನೆಲದ ಮೇಲೆ ಕೂತುಬಿಟ್ಟಳು.

ರತೀಶನಿಗೆ ಹೋದ ಜೀವ ಬಂದಂತಾಯಿತು. ನಾಲ್ಕನೆಯ ಭಾಗ ಮತ್ತೊಂದು ಸೋಲೋದಿಂದ ಶುರುವಾಗಬೇಕಿತ್ತು, ಅವನು ತಿಂಗಳುಗಟ್ಟಲೆ ತಿದ್ದಿ ತಿದ್ದಿ ಕೂಡಿಸಿದ್ದು. ಗಿಟಾರ್ ಎತ್ತಿಕೊಂಡು ಸೀತಕ್ಕನ ಮುಖ ನೋಡಿದ. ಅವಳಿಗೆ ಬಂಗುಡೆ ಬದುಕಿತೋ ಇಲ್ಲವೋ ತಿಳಿಯಬೇಕಿತ್ತು. ರತೀಶ ಸೋಲೋ ಹಾರಿಸಿ ನೇರ ಕಥೆಗೆ ಬಂದ.