ಗಂಟಿಲ್ಲದ ಕುಣಿಕೆ

ಮೈಲಾರಲಿಂಗನ ಮನೆತನದಲ್ಲಿ ತುದಿಗೆ ಗಂಟು ಹಾಕದ ಹಗ್ಗ ಹೊಸ್ತಿಲು ದಾಟುತ್ತಿರಲಿಲ್ಲ. ಹಲಗೇರಿಯಲ್ಲಿ ಅವರದು ಹಗ್ಗ ಹೊಸೆಯುವವರ ಮನೆ. ಎತ್ತಿನ ಮೂಗುದಾರವಿರಲಿ, ಬಾವಿಯ ಹಗ್ಗವಿರಲಿ, ಹೊಸೆದು ಮುಗಿಸಿದ ಮೇಲೆ ಮನೆಯ ಹಿರಿಯ ತುದಿಗೊಂದು ಗಂಟು ಹಾಕಿ, ಹಣೆಗೆ ಒತ್ತಿಕೊಂಡು, ಆಮೇಲೆ ಕೊಡಬೇಕು. ಗಂಟಿಲ್ಲದೆ ಕೊಡುತ್ತಿದ್ದದ್ದು ಒಂದೇ ಹಗ್ಗವನ್ನು. ಅದು ಹೆಣ ಕಟ್ಟುವುದಕ್ಕೆ ಒಯ್ಯುವ ಹಗ್ಗ.

ಅಪ್ಪ ಹೋದ ಮೇಲೆ ಪುಂಡಿನಾರಿನ ಹಗ್ಗ ಕೇಳಿಕೊಂಡು ಬರುವವರೂ ನಿಂತುಹೋದರು. ಹನ್ನೊಂದು ವರ್ಷದ ಹಿಂದೆ ಮೈಲಾರಲಿಂಗ ರಾಣೆಬೆನ್ನೂರಿನ ಹೊರಗಿನ ಒಂದು ಯಾರ್ಡಿಗೆ ಸೇರಿದ. ಕರೆಂಟಿನ ದೊಡ್ಡ ಟವರುಗಳಿಗೆ ತಂತಿ ಎಳೆಯುವ ಗುತ್ತಿಗೆದಾರರ ಯಾರ್ಡು ಅದು. ತಂತಿಯನ್ನು ಟವರಿನಿಂದ ಟವರಿಗೆ ಹಗ್ಗದಿಂದಲೇ ಎಳೆಯುತ್ತಾರೆ. ಕೊಕ್ಕೆ ಸಿಕ್ಕಿಸಲು ಆ ಹಗ್ಗದ ತುದಿಗೆ ಒಂದು ಕುಣಿಕೆ ಬೇಕು. ಅಲ್ಲಿಯ ಹಗ್ಗಗಳು ಮೂರು ಎಳೆ ಹೊಸೆದವು. ಎಳೆ ಬಿಚ್ಚಿ, ಒಂದರ ಕೆಳಗೊಂದು ತೂರಿಸಿ ಕುಣಿಕೆ ಕಟ್ಟುವುದು ಅವನಿಗೆ ಉಂಡಷ್ಟು ಸಲೀಸು. ಮೊಣಕಾಲು ಕೆಟ್ಟು ಟವರು ಹತ್ತಲಾಗಲಿ ಹೊರೆ ಹೊರಲಾಗಲಿ ಬಾರದ ಅವನು ಹಗ್ಗದ ಶೆಡ್ಡಿನಲ್ಲಿ ಒಂದು ಹಲಗೆಯ ಮುಂದೆ ಕೂತು ಅದೊಂದೇ ಕೆಲಸ ಮಾಡಿಕೊಂಡಿದ್ದ.

ಈ ವರ್ಷ ಬಂದ ಹಗ್ಗವೇ ಬೇರೆ. ಬೆಳ್ಳಗೆ, ನುಣ್ಣಗೆ, ಹೆಬ್ಬೆರಳಿನ ದಪ್ಪ. ಒಂದು ಹಗ್ಗದ ಹೊಟ್ಟೆಯೊಳಗೆ ಇನ್ನೊಂದು ಹಗ್ಗ, ಎರಡನ್ನೂ ಜಡೆಯ ಹಾಗೆ ಹೆಣೆದದ್ದು. ಮೊದಲ ದಿನ ಮೈಲಾರಲಿಂಗ ತನಗೆ ತಿಳಿದ ಹಾಗೆ ತುದಿ ಬಿಚ್ಚಿದ. ಮೂರು ಎಳೆಯ ಬದಲು ಕೈತುಂಬ ನೂಲು ಕೆದರಿಕೊಂಡು ನಿಂತಿತು. ಸ್ಟೋರಿನ ಚಮನಸಾಬ ಬಾಗಿಲಲ್ಲೇ ನಿಂತು ನೋಡಿದ.

"ಏನ್ ಮೈಲಾರಪ್ಪ, ಮುದುಕಿ ತಲಿ ಬಾಚಾಕತ್ತೀ ಏನು?"

ಮೈಲಾರಲಿಂಗ ನಗಲಿಲ್ಲ. ಅಂದು ಬೆಳಿಗ್ಗೆ ಎಂಜಿನಿಯರ್ ಶೀಲಾ ಮೇಡಂ ಬಂದು ಮೆತ್ತಗೆ ಹೇಳಿ ಹೋಗಿದ್ದರು. ಶುಕ್ರವಾರದ ಹೊತ್ತಿಗೆ ಇಂಥ ಮೂರು ಕುಣಿಕೆ ಆಗಬೇಕು, ಮೂರೂ ಹಗ್ಗ ಜಗ್ಗಿ ಪರೀಕ್ಷಿಸುವ ಮಷಿನ್ ಮೇಲೆ ತಡೆಯಬೇಕು. ಇಲ್ಲದಿದ್ದರೆ ಕುಣಿಕೆ ಸಮೇತ ತಯಾರಾದ ಹಗ್ಗವನ್ನೇ ಹೊರಗಿನಿಂದ ತರಿಸುತ್ತಾರೆ, ಶೆಡ್ಡು ಮುಚ್ಚುತ್ತದೆ. ಕಲಿಸಲಿಕ್ಕೆ ಬ್ಯಾಡಗಿಯ ಅಜೀಮನನ್ನು ಕಳಿಸಿದ್ದರು. ಮೂವತ್ತರೊಳಗಿನ ಹುಡುಗ, ಬಂದರುಗಳಲ್ಲಿ ಕೆಲಸ ಮಾಡಿ ಬಂದವನು.

"ಕಾಕಾ, ಇದನ್ನ ಬಿಚ್ಚಬಾರದು" ಎಂದು ಅಜೀಮ ಪಕ್ಕದಲ್ಲಿ ಕೂತ. "ಮ್ಯಾಲಿಂದು ತೊಗಲು, ಒಳಗಿಂದು ಕರುಳು ಅಂತ ತಿಳೀರಿ. ಇಲ್ಲಿ ತೊಗಲಿಗೆ ಬಾಯಿ ಮಾಡಿ ಕರುಳು ಹೊರಗ ಎಳೀತೀವಿ. ಆಮ್ಯಾಲೆ ತೊಗಲನ್ನ ಕರುಳೊಳಗ ತೂರಸೂದು, ಕರುಳನ್ನ ತೊಗಲೊಳಗ ತೂರಸೂದು. ಒಂದನ್ನೊಂದು ನುಂಗಬೇಕು."

"ಕಟ್ಟೂದು ಎಲ್ಲಿ?"

"ಕಟ್ಟೂದಿಲ್ಲ."

"ಮತ್ತ ಯಾವದು ಹಿಡಕೊಂಡಿರತೈತಿ?"

"ಜಗ್ಗಿದಷ್ಟೂ ಹೊರಗಿಂದು ಒಳಗಿಂದನ್ನ ಹಿಂಡತೈತಿ. ಅದ ಹಿಡಿತ. ಕಡೀಕ ನಾಕು ಹೊಲಿಗಿ ಹಾಕತೀವಿ, ಅದು ಬರೇ ಸಡ್ಲ ಇದ್ದಾಗ ಜರೀಬಾರದು ಅಂತ."

ಮೈಲಾರಲಿಂಗನಿಗೆ ಒಪ್ಪಿಗೆಯಾಗಲಿಲ್ಲ. ಆದರೂ ರಾತ್ರಿಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ಒಂದು ರಟ್ಟಿನ ಮೇಲೆ ಎಲ್ಲವನ್ನೂ ಬರೆದುಕೊಂಡ. ಎಷ್ಟು ಗೇಣಿಗೆ ಗುರುತು, ಎಲ್ಲಿ ಬಾಯಿ, ಪೊಳ್ಳು ಸೂಜಿ ಎಲ್ಲಿ ಹೊಕ್ಕು ಎಲ್ಲಿ ಹೊರಬರಬೇಕು. ಕೊನೆಗೆ ಅಜೀಮ ಹೇಳಿದ್ದನ್ನು ಬರೆದ: ಗಂಟು ಹಾಕಬಾರದು.

"ಅದ್ಯಾಕ?"

"ಟವರಿನ ಮ್ಯಾಲಿನ ರಾಟಿಯಾಗ ಸಿಗತೈತಿ, ಕಾಕಾ" ಎಂದು ಅಜೀಮ ಫೋನು ಎತ್ತಿಕೊಂಡು ಹೊರಗೆ ಹೋದ.

ಎರಡು ದಿನ ಎಲ್ಲವೂ ಕೆಟ್ಟವು. ಸೂಜಿ ದಾರಿ ತಪ್ಪಿ ತೊಗಲಿನ ನೂಲುಗಳನ್ನು ಕಚ್ಚಿಕೊಂಡು ಬರುತ್ತಿತ್ತು. ಒಮ್ಮೆ ಗುರುತನ್ನೇ ತಪ್ಪು ಹಾಕಿದ. ಒಮ್ಮೆ ಎಲ್ಲ ಸರಿಹೋಗಿ, ಕೊನೆಯಲ್ಲಿ ತೊಗಲನ್ನು ಕೂಡುವ ಜಾಗದ ಮೇಲೆ ಜಗ್ಗಿ ತರುವಾಗ ಅದು ನಡುವೆಯೇ ಬಿಗಿದು ನಿಂತಿತು.

"ಹಾಂಗ ಗುದ್ದಾಡಬ್ಯಾಡ್ರಿ. ಎಮ್ಮಿ ಹಿಂಡೀರಿಲ್ಲ? ಹಾಂಗ ಇಳಸ್ರಿ" ಎಂದ ಅಜೀಮ.

ಬುಧವಾರ ಮಧ್ಯಾಹ್ನ ಅವನ ಬೆರಳುಗಳಿಗೆ ಅದು ತಿಳಿಯಿತು. ಹಿಂಡುತ್ತ, ಇಳಿಸುತ್ತ, ಹಿಂಡುತ್ತ ಹೋದಂತೆ ಕರುಳು, ಕೂಡುವ ಜಾಗ, ತುದಿ ಎಲ್ಲವೂ ತೊಗಲೊಳಗೆ ಜಾರಿ ಮರೆಯಾದವು. ಕೈಯಲ್ಲಿ ಉಳಿದದ್ದು ಒಂದು ಬೆಳ್ಳನೆಯ ಕುಣಿಕೆ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂಬುದೇ ಕಾಣದ್ದು. ಅಜೀಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಚಮನಸಾಬನ ಕಡೆಗೆ ಎಸೆದ. ಚಮನಸಾಬ ಕೊರಳಿಗೆ ಹಾಕಿಕೊಂಡು, "ನನ್ನ ನಿಕಾಹಕ್ಕೂ ಇಷ್ಟು ಚಂದ ಹಾರ ಇರಲಿಲ್ಲ ನೋಡು" ಎಂದ. ಮೈಲಾರಲಿಂಗ ಮಾತ್ರ ಅದನ್ನು ಈಸಿಕೊಂಡು ಮತ್ತೆ ಮತ್ತೆ ಬೆರಳಿನಿಂದ ಒತ್ತಿ ನೋಡಿದ. ಕಟ್ಟಿಲ್ಲ, ಗಂಟಿಲ್ಲ, ಹಿಡಿತ ಕಣ್ಣಿಗೆ ಕಾಣುವುದಿಲ್ಲ. ಇಂಥದ್ದನ್ನು ಒಬ್ಬರ ಕೈಗೆ ಹೇಗೆ ಕೊಡುವುದು?

ಪರೀಕ್ಷೆಯ ಮೂರು ಕುಣಿಕೆಗಳನ್ನು ಗುರುವಾರ ಮಾಡಿದ. ಅವುಗಳಲ್ಲಿ ಒಂದನ್ನು ಮಾಡುವಾಗ ಅಜೀಮ ನಮಾಜಿಗೆ ಹೋಗಿದ್ದ. ಕರುಳು, ತೊಗಲು ಒಂದನ್ನೊಂದು ಹಾಯುವ ಜಾಗದಲ್ಲಿ ಮೈಲಾರಲಿಂಗನ ಬೆರಳು ತನ್ನಷ್ಟಕ್ಕೆ ತಾನೇ ಒಂದು ಸುತ್ತು ಸುತ್ತಿ ಬಿಗಿಯಿತು. ನೋಡಿದರೆ ಗಂಟು. ಬಿಚ್ಚಬೇಕೆಂದು ಉಗುರು ಹಾಕಿದವನು ತಡೆದ. ರಾಟೆಯಲ್ಲಿ ಸಿಕ್ಕುತ್ತದೆ ಎಂದಲ್ಲವೇ ಬೇಡ ಅಂದದ್ದು? ಇದು ಒಳಗೆ ಉಳಿಯುತ್ತದೆ, ಸಿಕ್ಕುವ ಮಾತಿಲ್ಲ. ಇದ್ದರೆ ಇನ್ನಷ್ಟು ಗಟ್ಟಿ. ಹಣೆಗೆ ಒತ್ತಿಕೊಂಡು ತೊಗಲನ್ನು ಅದರ ಮೇಲೆ ಇಳಿಸಿದ. ಮರದ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿದ. ಬಹಳ ದಿನಗಳ ಮೇಲೆ ಅವತ್ತು ಮನಸ್ಸು ಹಗುರಾಯಿತು.

ಶುಕ್ರವಾರ ಮಷಿನ್ ಮೂರನ್ನೂ ಜಗ್ಗಿತು. ಮೂರೂ ತಡೆದವು. ಶೀಲಾ ಮೇಡಂ ಕಾಗದಕ್ಕೆ ಸಹಿ ಹಾಕಿ, "ಮೈಲಾರಲಿಂಗ ಅವರ, ಹಲಗಿ ನಿಮ್ಮದ ಉಳೀತು" ಎಂದರು. ಮೂರು ಹಗ್ಗಗಳೂ ಆ ಸಂಜೆಯೇ ಮೋಟೆಬೆನ್ನೂರಿಗೆ ಹೋದವು. ಮರುದಿನ ಅಲ್ಲಿ ಹೆದ್ದಾರಿಯ ಮೇಲೆ ತಂತಿ ದಾಟಿಸುವುದಿತ್ತು. ಎರಡು ತಾಸು ಗಾಡಿಗಳನ್ನು ತಡೆಯಲು ಒಪ್ಪಿಗೆ ಸಿಕ್ಕಿತ್ತು.

ಚಹಾ ಕುಡಿಯುತ್ತಿದ್ದಾಗ ಅಜೀಮ ಮೂಲೆಯಿಂದ ಒಂದು ಹಳೆಯ ತುಂಡು ಎತ್ತಿ ತಂದ. ಹರಿದ ತುದಿ ಕೆದರಿಕೊಂಡಿತ್ತು.

"ಇದನ್ನ ನೋಡ್ರಿ ಕಾಕಾ. ಯಾವನೋ ಶಾಣ್ಯಾ ಅರ್ಜೆಂಟ್ ಅಂತ ಗಂಟು ಹಾಕಿದ್ದ. ಬರೋಬ್ಬರಿ ಗಂಟಿನ ಬುಡಕ ಹರದೈತಿ. ಗಂಟು ಬಿತ್ತಂದ್ರ ಹಗ್ಗದ ಅರ್ಧ ಶಕ್ತಿ ಹೋತು. ತನ್ನನ್ನ ತಾನ ಕೊಯ್ಕೋತೈತಿ."

ಮೈಲಾರಲಿಂಗನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. "ಮಷಿನ್ ಜಗ್ಗಿದ್ರೂ?"

"ಹಗ್ಗದ ಶಕ್ತಿ ಎಷ್ಟೈತಿ ಅದರ ಮೂರರಾಗ ಒಂದು ಪಾಲು ಜಗ್ಗತೈತಿ ಮಷಿನ್, ಅಷ್ಟ. ಅಷ್ಟಕ್ಕ ಗಂಟೂ ತಡೀತೈತಿ. ಲೈನಿನ್ಯಾಗ ತಂತಿ ಝಟಕಾ ಕೊಟ್ಟಾಗ ಗೊತ್ತಾಗೂದು."

ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕೂತು ಹಲಗೇರಿಗೆ ಹೋಗುವವರೆಗೂ ಅವನು ನೆನಪು ಮಾಡಿಕೊಳ್ಳುತ್ತಿದ್ದ. ಗಂಟು ಹಾಕಿದ್ದು ಮೊದಲನೆಯದಕ್ಕೋ, ಎರಡನೆಯದಕ್ಕೋ? ಮೂರನ್ನೂ ಒಂದೇ ಕಡೆ ರಾಶಿ ಹಾಕಿದ್ದ. ಹೊರಗಿನಿಂದ ಮೂರೂ ಒಂದೇ.

ಹೆಂಡತಿ ಶೇಖವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲವನ್ನೂ ಕೇಳಿ ಕೈ ನಿಲ್ಲಿಸಿದಳು.

"ಮೂರೂ ಪಾಸಾದ್ವು ಅಂದ್ರಲ್ಲ."

"ಆದ್ವು."

"ಹಾಂಗಾರ ಸುಮ್ನ ಇರ್ರಿ. ಗಂಟು ಹಾಕಿದ್ದರಿಂದ ಯಾರಿಗೆ ಕೆಟ್ಟಾಗೈತಿ ಈ ಮನಿಯಾಗ?"

ಅವಳು ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಆಮೇಲೆ ಅವನ ಕಡೆ ನೋಡದೆ, "ನಸುಕಿನ ಬಸ್ಸಿಗೆ ಹೋಗವರಿದ್ರ ಹೇಳ್ರಿ. ಬುತ್ತಿ ಕಟ್ಟಬೇಕು" ಎಂದಳು.

ಮೋಟೆಬೆನ್ನೂರಿನಲ್ಲಿ ಅವನು ಇಳಿದಾಗ ಹೆದ್ದಾರಿಯ ಎರಡೂ ಬದಿಯ ಟವರುಗಳನ್ನು ಆಳುಗಳು ಆಗಲೇ ಹತ್ತಿದ್ದರು. ಲಾರಿಗಳು, ಬಸ್ಸುಗಳು, ಹುಲ್ಲು ಹೇರಿದ ಒಂದು ಟ್ರ್ಯಾಕ್ಟರು ಸಾಲಾಗಿ ನಿಂತಿದ್ದವು. ಹಗ್ಗದ ತುದಿಗೆ ಅಜೀಮ ಕೊಕ್ಕೆ ಸಿಕ್ಕಿಸುತ್ತಿದ್ದ.

"ಅದನ್ನ ಹಚ್ಚಬ್ಯಾಡ, ತಮ್ಮಾ. ಒಂದರಾಗ ಗಂಟೈತಿ. ನಾನ ಹಾಕೇನಿ."

ಅಜೀಮ ತಲೆಯೆತ್ತಿದ. "ಯಾವದರಾಗ?"

"ಗೊತ್ತಿಲ್ಲ."

ಅಜೀಮ ಬಗ್ಗಿ ಮೂರು ಕುಣಿಕೆಗಳನ್ನೂ ಹಿಚುಕಿ ನೋಡಿದ. ಕೂಡುವ ಜಾಗ ಹೇಗೂ ದಪ್ಪವಾಗಿರುತ್ತದೆ, ತಿಳಿಯಲಿಲ್ಲ. "ನಿನ್ನೆ ಚಾ ಕುಡಿಯೂ ಮುಂದ ಹೇಳಿದ್ರ ಹೊಸಾವು ಮಾಡತಿದ್ವಿ, ಕಾಕಾ" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಶೀಲಾ ಮೇಡಂ ಬಂದು ಕೇಳಿ, ನಿಂತ ಗಾಡಿಗಳನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು. ಹೊಸದಾಗಿ ಹೆಣೆಯಲು ಹೊತ್ತಿರಲಿಲ್ಲ. "ಇವತ್ತ ತಂತಿ ದಾಟಸೂದು ಬ್ಯಾಡ. ಮೂರೂ ಕೊಯ್ದುಬಿಡು, ಅಜೀಮ" ಎಂದರು.

ಮೊದಲನೆಯದನ್ನು ಅಜೀಮ ಉದ್ದಕ್ಕೆ ಸೀಳಿದ. ಗಂಟಿರಲಿಲ್ಲ. ಕರುಳಿನೊಳಗೆ ತೊಗಲು, ತೊಗಲಿನೊಳಗೆ ಕರುಳು, ತುದಿ ಬರಬರುತ್ತ ಸಣ್ಣಗಾಗಿ ಇಲಿಯ ಬಾಲದಂತೆ ಮುಗಿದಿತ್ತು. ಎರಡನೆಯದೂ ಹಾಗೇ. ಅಜೀಮ ಅದರ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ ಬದಿಗಿಟ್ಟ. ಮೂರನೆಯದರಲ್ಲಿ ಗಂಟಿತ್ತು. ಮಷಿನ್ ಜಗ್ಗಿದ್ದಕ್ಕೆ ಗೋಲಿಯಷ್ಟು ಬಿಗಿದು, ಅದರ ಬುಡದಲ್ಲಿ ಆಗಲೇ ಕೆಲವು ನೂಲುಗಳು ಕಡಿದು ಮೇಲೆದ್ದಿದ್ದವು.

ಟವರಿನ ಮೇಲಿನವರನ್ನು ಇಳಿಯಲು ಕೂಗಿದರು. ತಡೆದಿದ್ದ ಗಾಡಿಗಳು ಹೊರಟವು. ಲಾರಿಯ ಡ್ರೈವರನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ, "ಇಷ್ಟಕ್ಕ ನಿಲ್ಲಿಸಿದ್ರ್ಯಾ?" ಎಂದು ಕೇಳಿ ಹೋದ.

"ಎರಡು ಭಾಳ ಚಲೋ ಇದ್ದುವು" ಎಂದರು ಶೀಲಾ ಮೇಡಂ. "ನೀವು ಬಂದು ಹೇಳಿದ್ದೂ ಚಲೋ ಆತು. ಆದ್ರ ಇನ್ನ ಮ್ಯಾಲೆ ನಿಮ್ಮ ಕುಣಿಕಿಗೆ ನಾ ಸಹಿ ಹಾಕಾಕ ಆಗೂದಿಲ್ಲ. ಒಳಗ ಏನೈತಿ ಅಂತ ಕೊಯ್ದ ನೋಡಬೇಕಾಗತೈತಿ."

ಅವನು ತಲೆಯಾಡಿಸಿದ. ಅದು ಅವನಿಗೂ ಸರಿಯೆನಿಸಿತು. ತನ್ನ ಕೈಯನ್ನು ಅವನೂ ಇನ್ನು ನಂಬಲಾರ.

ಮುಂದಿನ ವಾರ ಕುಣಿಕೆ ಸಮೇತ ಹಗ್ಗಗಳು ಬಂದವು. ಅಜೀಮನನ್ನು ಹಾವೇರಿಯ ಸ್ಟೋರಿಗೆ ಹಾಕಿದರು. ಶೆಡ್ಡಿನ ಹಲಗೆಯನ್ನು ಚಮನಸಾಬ ಗೋಡೆಗೆ ಒರಗಿಸಿಟ್ಟ. ಅವತ್ತು ಅವನಿಗೂ ತಮಾಷೆ ಹೊಳೆಯಲಿಲ್ಲ. ಉಳಿದ ಒಂದು ತುಂಡು ಹಗ್ಗ, ಪೊಳ್ಳು ಸೂಜಿ, ಎರಡನ್ನೂ ಮೈಲಾರಲಿಂಗನ ಚೀಲಕ್ಕೆ ಹಾಕಿ, "ಒಯ್ಯಿ. ಯಾರೂ ಕೇಳೂದಿಲ್ಲ" ಎಂದ.

ಮನೆಯಲ್ಲಿ ಅವನು ಕಟ್ಟೆಯ ಮೇಲೆ ಕೂತು ಒಂದು ಕುಣಿಕೆ ಮಾಡಿದ. ರಟ್ಟು ನೋಡಲಿಲ್ಲ. ಕೂಡುವ ಜಾಗಕ್ಕೆ ಬಂದಾಗ ಬೆರಳುಗಳು ಸುಮ್ಮನೆ ದಾಟಿದವು. ಹಿಂಡಿ ಇಳಿಸಿದ, ಹೊಲಿಗೆ ಹಾಕಿದ. ಇಷ್ಟು ದಿನಗಳಲ್ಲಿ ಇದಕ್ಕಿಂತ ಚೆನ್ನಾಗಿ ಬಂದದ್ದಿರಲಿಲ್ಲ. ತೋರಿಸಲು ಯಾರೂ ಇರಲಿಲ್ಲ, ಜಗ್ಗಿ ನೋಡಲು ಮಷಿನೂ ಇರಲಿಲ್ಲ.

ಶೇಖವ್ವ ಹಿತ್ತಲಿನಿಂದ ಬಂದು ಅದನ್ನು ಎತ್ತಿಕೊಂಡಳು. "ಎಮ್ಮಿಗೆ ಆಗತೈತಿ" ಎಂದು ಕುಣಿಕೆಯನ್ನು ಗೂಟಕ್ಕೆ ಹಾಕಿದಳು. ಸರಿಯಾಗಿ ಕೂತಿತು. ಆಮೇಲೆ ಹಗ್ಗದ ಇನ್ನೊಂದು ತುದಿಗೆ, ಮನೆಯ ರೂಢಿಯಂತೆ, ಒಂದು ಗಂಟು ಹಾಕಿ ಹಣೆಗೆ ಒತ್ತಿಕೊಂಡಳು. ಅವನು ನೋಡುತ್ತ ಕೂತಿದ್ದ.