ಕೈಬಿಟ್ಟ ಕಿರಣಗಳು

ಗಾಂಧಿ ಬಜಾರಿನ ಹೋಟೆಲಿನಲ್ಲಿ ಬೈ-ಟೂ ಕಾಫಿ ಮೇಜಿಗೆ ಬಂದರೂ ಯಶೋಧರಾ ಲೋಟ ಮುಟ್ಟಲಿಲ್ಲ. ಎದುರಿಗೆ ಕೂತಿದ್ದ ಅವಳ ಗೈಡ್ ನಾಗಭೂಷಣ್ ಮಾತ್ರ ಮಗಳ ಮದುವೆ ಗೊತ್ತಾದವರ ಹಾಗೆ ಖುಷಿಯಲ್ಲಿದ್ದರು. ಶನಿಗ್ರಹದ ಚಂದ್ರ ಟೈಟನ್ ಮೇಲೆ ಎಲ್ಲರೂ ಸರೋವರ ಅಂದುಕೊಂಡಿದ್ದ ಕಪ್ಪು ಮಚ್ಚೆ ಸರೋವರವೇ ಅಲ್ಲ, ದಟ್ಟ ಮಬ್ಬು ಬೆಳಕನ್ನು ನುಂಗುವುದರಿಂದ ಹಾಗೆ ಕಾಣುತ್ತದಷ್ಟೆ ಎಂದು ಸಂಜೆಯ ಸಭೆಯಲ್ಲಿ ಅವರು ಸಾರಲಿದ್ದರು. ಅದಕ್ಕೆ ಆಧಾರ, ಮಬ್ಬಿನೊಳಗೆ ಬೆಳಕಿನ ಕಿರಣಗಳು ಹೇಗೆ ಹಾಯುತ್ತವೆಂದು ಲೆಕ್ಕಹಾಕಲು ಯಶೋಧರಾ ಬರೆದ ಪ್ರೋಗ್ರಾಂ. ಅವಳ ಪಿಎಚ್.ಡಿ.ಯೂ ಅದರ ಮೇಲೇ ನಿಂತಿತ್ತು.

"ಸರ್, ಒಂದು ತಪ್ಪಾಗಿದೆ."

"ಸ್ಲೈಡ್‌ನಲ್ಲಾ?"

"ಪ್ರೋಗ್ರಾಂನಲ್ಲಿ." ಅವಳು ದನಿ ತಗ್ಗಿಸಿದಳು. "ಮೊದ್ಲು ಟೆಸ್ಟ್ ಮಾಡ್ವಾಗ, ಬೇಗ ಮುಗೀಲಿ ಅಂತ, ಮಬ್ಬಿನ ಕಣಗಳಿಗೆ ಜಾಸ್ತಿ ಸಲ ಬಡಿದ ಕಿರಣಾನ ಅರ್ಧದಲ್ಲೇ ಬಿಟ್ಬಿಡು ಅಂತ ಒಂದು ಸಾಲು ಹಾಕಿದ್ದೆ. ತೆಗೆಯೋದೇ ಮರ್ತೆ. ಆ ಬೆಳಕು ಸುತ್ತಿ ಸುತ್ತಿ ಕೊನೆಗೆ ಹೊರಗೆ ಬರ್ತಿತ್ತೇನೋ ಸರ್. ಅದನ್ನ ಮಬ್ಬು ನುಂಗಿಲ್ಲ, ನಾನೇ ಸಾಯಿಸ್ಬಿಟ್ಟಿದೀನಿ."

ಮಾವಳ್ಳಿಯಿಂದ ನಡೆದು ಬರುವಾಗ ದಾರಿಯುದ್ದಕ್ಕೂ ಅವಳು ಬೈಗುಳಕ್ಕೆ ಹೆದರಿದ್ದಳು. ನಾಗಭೂಷಣ್ ಬೈಯಲಿಲ್ಲ. ಅಕ್ಕಪಕ್ಕದ ಮೇಜುಗಳತ್ತ ಒಮ್ಮೆ ಕಣ್ಣು ಹಾಯಿಸಿದರು.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಸರ್."

"ಆ ಸಾಲು ತೆಗೆದು ರನ್ ಮಾಡಿ ನೋಡಿದ್ಯಾ?"

"ಧೈರ್ಯ ಬರ್ಲಿಲ್ಲ."

"ಮತ್ತೆ? ನೋಡ್ದೇನೇ ತಪ್ಪು ಅಂತ ಹೇಗೆ ಹೇಳ್ತೀಯಮ್ಮ? ಇವತ್ತಿಂದು ಮುಗೀಲಿ, ಆಮೇಲೆ ನಿಧಾನಕ್ಕೆ ನೋಡೋಣ. ನಿನ್ನ ಥೀಸಿಸ್‌ಗೆ ಸೈನ್ ಹಾಕೋನು ನಾನೇ ತಾನೆ? ಕಾಫಿ ಕುಡಿ, ಆರೋಗತ್ತೆ."

ದನಿ ಬೆಣ್ಣೆಯಷ್ಟು ಮೆತ್ತಗಿತ್ತು. ಬೈದಿದ್ದರೇ ಎಷ್ಟೋ ವಾಸಿಯಿತ್ತು. ಈಗ ಅವಳಿಗೆ ಅವರದ್ದೂ ಭಯ, ತನ್ನದೂ ಭಯ. ಹೂಂ ಅಂದರೆ ಎಲ್ಲ ಸಲೀಸು, ಮನೆಯಲ್ಲಿ ಅಮ್ಮ ಆಗಲೇ ಊರಿಗೆಲ್ಲ ಡಾಕ್ಟರ್ ಯಶೋಧರಾ ಅಂತ ಹೇಳಿಕೊಂಡು ಬಂದಿದ್ದಳು.

ಅವಳು ಲೋಟ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದಳು. ಆ ಸಾಲನ್ನು ಅಳಿಸಿದಳು. ಬೇಗ ತಿಳಿಯಲೆಂದು ಕೆಲವೇ ಕಿರಣಗಳು ಮಬ್ಬಿನೊಳಗೆ ಹಾಯುವಂತೆ ಮಾಡಿದಳು. ಮಬ್ಬಿನದೇ ಕೆಲಸವಾಗಿದ್ದರೆ ಮಚ್ಚೆ ಕಪ್ಪಾಗಿಯೇ ಉಳಿಯಬೇಕು. ಹಾಗೇ ಉಳಿಯಲಿ ದೇವರೇ ಎಂದುಕೊಳ್ಳುತ್ತಲೇ ಕೀಲಿ ಒತ್ತಿದಳು.

"ಏನ್ ಮಾಡ್ತಿದೀಯಾ?" ನಾಗಭೂಷಣ್ ಮುಂದಕ್ಕೆ ಬಾಗಿದರು. ಲ್ಯಾಪ್‌ಟಾಪ್ ಮುಚ್ಚಲು ಚಾಚಿದ ಅವರ ಕೈ ಅರ್ಧಕ್ಕೇ ನಿಂತಿತು.

ಪರದೆಯ ಮೇಲೆ, ಕಪ್ಪು ಮಚ್ಚೆಯ ನಡುವೆ ಒಂದು ಬಿಳಿ ಚುಕ್ಕೆ ಮೂಡಿತ್ತು. ಅದರ ಪಕ್ಕದಲ್ಲಿ ಇನ್ನೊಂದು.